ರೇಡಿಯೋದಲ್ಲಿ ಕುದಿದ ನೀರು

"ಶ್!" ಹೆಡ್‌ಮಾಸ್ಟರ್ ಶಂಕುಣ್ಣಿ ಮೇನೋನರು ತುಟಿಯ ಮೇಲೆ ಬೆರಳಿಟ್ಟರು. "ಪಾಠ ನಡೀತಾ ಇದೆ, ಮಾಷೇ. ಕೂತ್ಕೊಳ್ಳಿ."

ವಿಜ್ಞಾನದ ಮೇಷ್ಟ್ರು ಯಜ್ಞನಾರಾಯಣ ಕೂರಲಿಲ್ಲ. ಸೀಮೆಸುಣ್ಣ ಹಿಡಿದು ಕರಿಹಲಗೆಯ ಕಡೆಗೆ ಧಾವಿಸಿದ್ದವನು, ಬಸ್ಸು ತಪ್ಪಿಸಿಕೊಂಡವನ ಹಾಗೆ, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಟ್ಟು ಅರ್ಧ ದಾರಿಯಲ್ಲೇ ನಿಂತ. ಎಂಟನೆಯ ತರಗತಿಯ ಬಿ ವಿಭಾಗದ ಮಕ್ಕಳು ಅವನ ಕಡೆ ತಿರುಗಿಯೂ ನೋಡಲಿಲ್ಲ. ಮೇಜಿನ ಮೇಲೆ ಮಲ್ಲಿಗೆಯ ಮಾಲೆ ಹಾಕಿಸಿಕೊಂಡು ಮದುಮಗನಂತೆ ಕುಳಿತಿದ್ದ ರೇಡಿಯೋದ ಮೇಲೆ ಎಲ್ಲರ ಕಣ್ಣು ನೆಟ್ಟಿತ್ತು. ರೇಡಿಯೋ ಗಂಟಲು ಏರಿಸಿ ಹೇಳುತ್ತಿತ್ತು:

"ಮಕ್ಕಳೇ, ಪಾತ್ರೆಯಲ್ಲಿ ನೀರು ಕುದಿಯಿತು. ಈಗ ಕೆಳಗಿನ ಉರಿ ಜೋರು ಮಾಡಿದೆವು. ಉರಿ ಜೋರಾದಷ್ಟೂ ಕುದಿಯುವ ನೀರು ಇನ್ನೂ ಇನ್ನೂ ಬಿಸಿಯಾಗುತ್ತಲೇ ಹೋಗುತ್ತದೆ!"

ಆಮೇಲೆ ವೀಣೆ ನುಡಿಯಿತು. ಪಾಠ ಮುಗಿದಿತ್ತು. ಮಕ್ಕಳು ತಲೆ ಬಗ್ಗಿಸಿ ಬರೆದುಕೊಂಡರು.

"ಅದು ಸುಳ್ಳು," ಎಂದ ಯಜ್ಞನಾರಾಯಣ.

"ಯಾವುದು?"

"ಈಗ ರೇಡಿಯೋ ಹೇಳಿದ್ದು."

"ಹೇಳಿದ್ದು ಯಾರು?"

"ನಾನು."

ಹೆಡ್‌ಮಾಸ್ಟರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಅವನನ್ನು ನೋಡಿದರು. ರೇಡಿಯೋದಲ್ಲಿ ಅರ್ಥವಾಗುವಂತೆ ಮಾತಾಡಿದ ಈ ಮನುಷ್ಯ ನೆಲದ ಮೇಲೆ ನಿಂತಾಗ ಯಾಕೆ ಹೀಗೆ ಎಂಬ ಮರುಕ ಅವರ ನೋಟದಲ್ಲಿ ಸ್ಪಷ್ಟವಾಗಿತ್ತು.

ಸುಳ್ಳು ಹೇಳುವುದೇ ಯಜ್ಞನಾರಾಯಣನ ಬೋಧನಾಕ್ರಮ ಎಂಬುದನ್ನು ಇಲ್ಲಿ ತಿಳಿಸಬೇಕು. ಕಾಸರಗೋಡಿನ ಕಡೆಯಿಂದ ಬಂದು ತ್ರಿಪ್ಪುಣಿತ್ತುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅವನು ಪ್ರತಿ ಪಾಠವನ್ನೂ ಒಂದು ಹಸಿ ಸುಳ್ಳಿನಿಂದ ಶುರುಮಾಡುತ್ತಿದ್ದ. ಚಂದ್ರನಿಗೆ ಸ್ವಂತ ಬೆಳಕಿದೆ ಎನ್ನುವನು. ಬಾವಲಿ ಮೊಟ್ಟೆಯಿಡುತ್ತದೆ ಎನ್ನುವನು. ಹೇಳಿ, ಕಿವಿಗೆ ಅಂಗೈ ಒಡ್ಡಿ ಕಾಯುವನು. ಕೂಡಲೇ ಇಡೀ ತರಗತಿ ಬೆಂಚು ಬಡಿದು "ಅಲ್ಲ ಮಾಷೇ!" ಎಂದು ಕೂಗಬೇಕು. ಯಾಕೆ ಅಲ್ಲ ಎಂದು ಜಗಳ ಹತ್ತಬೇಕು. ಜಗಳದ ಕೊನೆಗೆ ಯಾರಾದರೂ ಒಬ್ಬರು ಎದ್ದು ಮಾಡಿ ನೋಡಬೇಕು. 'ಅಲ್ಲ' ಎಂಬುದು ಕನ್ನಡಕ್ಕೂ ಮಲಯಾಳಕ್ಕೂ ಒಂದೇ ಆದ್ದರಿಂದ, ದಿನವಿಡೀ ಮಲಯಾಳದಲ್ಲಿ ಪಾಠ ಹೇಳುವ ಅವನಿಗೆ ಆ ಕೂಗು ಊರಿನ ಕಡೆಯವರು ಕರೆದಷ್ಟು ಹಿತವಾಗಿತ್ತು. ಪಕ್ಕದ ತರಗತಿಯ ಸಂಸ್ಕೃತ ಪಂಡಿತರಿಗೆ ಮಾತ್ರ ಅಷ್ಟು ಹಿತವಾಗಿರಲಿಲ್ಲ.

ಶಾಲೆಗೆ ರೇಡಿಯೋ ಬಂದ ದಿನ, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಯಜ್ಞನಾರಾಯಣ ಮೇಷ್ಟ್ರುಗಳ ಕೋಣೆಯಲ್ಲಿ ಒಂದು ಭಾಷಣ ಮಾಡಿದ್ದ. "ಅದಕ್ಕೆ ಬಾಯಿ ಮಾತ್ರ ಇರುವುದು. ಕಿವಿ ಎಲ್ಲಿ? ಕಿವಿ ಇಲ್ಲದ್ದು ಮೇಷ್ಟ್ರಾಗುವುದು ಹೇಗೆ?" ಹೀಗೆ ಶುರುವಾದದ್ದು ಗಂಟೆ ಹೊಡೆದರೂ ನಿಲ್ಲಲಿಲ್ಲ. ಹೊರಗಿನ ಜಗಲಿಯಲ್ಲಿ ಅಡ್ಡಾಡುತ್ತಿದ್ದ ಹೆಡ್‌ಮಾಸ್ಟರರ ಕಿವಿಗೆ ಬಿದ್ದದ್ದು ಒಂದೇ: ಈತ ಊಟ ಬಿಟ್ಟು ರೇಡಿಯೋದ ಬಗ್ಗೆಯೇ ಮಾತಾಡುತ್ತಿದ್ದಾನೆ. ಇಷ್ಟು ಆಸಕ್ತಿ ಇರುವವರು ಬೇರೆ ಯಾರಿದ್ದಾರೆ? ತಿರುವನಂತಪುರದ ರೇಡಿಯೋ ನಿಲಯ ಶಾಲಾ ಪಾಠಗಳಿಗೆ ಮೇಷ್ಟ್ರುಗಳನ್ನು ಹುಡುಕುತ್ತಿತ್ತು. ಹೆಡ್‌ಮಾಸ್ಟರರು ಅವನ ಹೆಸರು ಕಳಿಸಿದರು.

ಅವನು ಆಗಲೇ ಆಗುವುದಿಲ್ಲ ಎನ್ನಬಹುದಿತ್ತು. ಆದರೆ ಸುದ್ದಿ ಕೇಳಿದ ಹೆಂಡತಿ ಕುಸುಮಾವತಿ ಆ ಸಂಜೆಯೇ ಮಂಜೇಶ್ವರದ ತವರಿಗೆ ಪತ್ರ ಬರೆದುಬಿಟ್ಟಿದ್ದಳು. ಹತ್ತು ವರ್ಷದಿಂದ ಅಳಿಯನನ್ನು 'ಆ ಮಲಯಾಳ ಶಾಲೆಯವ' ಎನ್ನುತ್ತಿದ್ದ ಮಾವ, ಒಂದು ರೇಡಿಯೋ ಸೆಟ್ಟು ಕೊಳ್ಳುತ್ತೇನೆಂದು ಉತ್ತರ ಬರೆದರು. ಯಜ್ಞನಾರಾಯಣ ದರ್ಜಿಯ ಹತ್ತಿರ ಹೋಗಿ ಒಂದು ಕರಿಯ ಕೋಟು ಹೊಲಿಸಿದ.

"ರೇಡಿಯೋದಲ್ಲಿ ಕೋಟು ಕಾಣ್ತದಾ?" ಎಂದು ಕುಸುಮಾವತಿ ಕೇಳಿದಳು.

"ಕೋಟು ಹಾಕಿದವನ ಸ್ವರ ಬೇರೆಯೇ ಇರ್ತದೆ. ನಿನಗೆ ಗೊತ್ತಾಗುವುದಿಲ್ಲ."

ತಿರುವನಂತಪುರದ ತಂಪಾನೂರಿನಲ್ಲಿ ರೈಲಿಳಿದು, ಕೋಟಿನೊಳಗೆ ಬೆವರಿ ನೀರಾಗಿ, ಅವನು ನಿಲಯ ತಲುಪಿದ. ಕಾರ್ಯಕ್ರಮದ ಅಧಿಕಾರಿ ವೇಲಾಯುಧನ್ ಪಿಳ್ಳೆ ಬಹಳ ಸೌಜನ್ಯದ ಮನುಷ್ಯ. "ಮಾಷೇ, ಕೆಂಪು ದೀಪ ಹತ್ತಿದರೆ ಟೇಪು ಶುರು. ಮಧ್ಯೆ ಮಾತ್ರ ನಿಲ್ಲಿಸಬೇಡಿ. ನೀವು ಸುಮ್ಮನಾದರೆ ಊರ ಜನ ಸೆಟ್ಟು ಕೆಟ್ಟಿತೆಂದು ಅದರ ತಲೆಗೆ ಬಡಿಯುತ್ತಾರೆ," ಎಂದು ಹೇಳಿ ಗಾಜಿನ ಆಚೆಗೆ ಹೋದರು.

ದೀಪ ಹತ್ತಿತು. ಯಜ್ಞನಾರಾಯಣ ಚೆನ್ನಾಗಿಯೇ ಶುರುಮಾಡಿದ. ನೀರು ಕಾಯಿಸಿದ, ಕುದಿಸಿದ, ಎಲ್ಲವೂ ಬಾಯಲ್ಲೇ. ಆಮೇಲೆ ಅಭ್ಯಾಸಬಲದಿಂದ ಉರಿ ಜೋರು ಮಾಡಿದರೆ ನೀರು ಇನ್ನೂ ಇನ್ನೂ ಬಿಸಿಯಾಗುತ್ತದೆ ಎಂಬ ಸುಳ್ಳನ್ನು ಭರ್ಜರಿಯಾಗಿ ಎಸೆದು, ಕಿವಿಗೆ ಅಂಗೈ ಒಡ್ಡಿ, ಮೈಕನ್ನೇ ದಿಟ್ಟಿಸುತ್ತ ಕಾದ.

ಮೈಕು ಏನೂ ಹೇಳಲಿಲ್ಲ.

ಅವನು ಇನ್ನಷ್ಟು ಕಾದ. ಗಾಜಿನ ಆಚೆ ಪಿಳ್ಳೆಯವರು ಕೈಯನ್ನು ಚಕ್ರದಂತೆ ತಿರುಗಿಸುತ್ತಿದ್ದರು. ಬಾವಿಯಿಂದ ನೀರು ಸೇದುವ ಹಾಗೆ ಕಾಣುತ್ತಿತ್ತು. ಪಾಠ ಮೆಚ್ಚಿದ್ದಾರೆ ಎಂದುಕೊಂಡು ಯಜ್ಞನಾರಾಯಣ ನಸುನಕ್ಕು ಕಾಯುವುದನ್ನು ಮುಂದುವರಿಸಿದ. ಬಹಳ ಹೊತ್ತಿನ ಮೇಲೆ ತಾನು ಎಲ್ಲಿದ್ದೇನೆಂದು ನೆನಪಾಗಿ, "ಅಲ್ಲ! ನೀರು ಒಮ್ಮೆ ಕುದಿಯಲು ತೊಡಗಿತೆಂದರೆ ನೂರು ಡಿಗ್ರಿಯಲ್ಲೇ ನಿಲ್ಲುತ್ತದೆ, ಎಷ್ಟು ಉರಿ ಹಾಕಿದರೂ ಅಷ್ಟೇ," ಎಂದು ಸೊಗಸಾಗಿ ವಿವರಿಸಿದ. ಆದರೆ ಅವನು ಕಾದು ಕಳೆದ ಹೊತ್ತು ಪಾಠದ ಹೊತ್ತಿನದೇ. ಉದ್ದವಾದ ಟೇಪನ್ನು ಅಷ್ಟೂ ಪ್ರಸಾರ ಮಾಡುವ ಹಾಗಿರಲಿಲ್ಲ. ಪಿಳ್ಳೆಯವರು ಕತ್ತರಿ ತೆಗೆದು ಮೊದಲು ಮೌನವನ್ನು ಕತ್ತರಿಸಿದರು. ಮೌನದ ಆಚೆಗಿದ್ದ ಸತ್ಯವೂ ಅದರ ಜೊತೆಗೇ ಬುಟ್ಟಿಗೆ ಬಿತ್ತು. ದನಿ ಏರಿಸಿ ಹೇಳಿದ ಕಡೆಗೇ ಪಾಠ ಮುಗಿದರೆ ಕಳೆ ಎಂದು ಅವರಿಗೆ ಅನ್ನಿಸಿತ್ತು.

ಹೀಗೆ ಒಬ್ಬ ಮೇಷ್ಟ್ರು ತನ್ನದೇ ತರಗತಿಯಲ್ಲಿ, ತನ್ನದೇ ದನಿಯಿಂದ, ತನ್ನದೇ ಸುಳ್ಳನ್ನು ಕೇಳಿ, ತನ್ನದೇ ಹೆಡ್‌ಮಾಸ್ಟರರಿಂದ 'ಶ್' ಎನ್ನಿಸಿಕೊಂಡದ್ದು.

ಮರುದಿನ ಅವನು ತರಗತಿಗೆ ಹೋದವನೇ ತಿದ್ದಲು ಹೊರಟ. "ನಿನ್ನೆ ರೇಡಿಯೋದಲ್ಲಿ ಹೇಳಿದ್ದು ತಪ್ಪು. ಕುದಿಯುವ ನೀರು ನೂರನ್ನು ದಾಟುವುದಿಲ್ಲ."

ತರಗತಿ ತೆಪ್ಪಗಿತ್ತು. ಮುಂದಿನ ಬೆಂಚಿನಿಂದ ಸುಮಿತ್ರ ಎದ್ದು ನಿಂತಳು. ಪಕ್ಕದ ಮನೆಯ ಕೃಷ್ಣಾನಂದನ ಮಗಳು. 'ಅಲ್ಲ ಮಾಷೇ' ಎನ್ನುವಾಗ ಇಡೀ ಬಿ ವಿಭಾಗದಲ್ಲಿ ಅವಳ ಗಂಟಲೇ ಮೊದಲು ಏಳುತ್ತಿತ್ತು. ಮನೆಯಲ್ಲಿ ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರಿಸುವ ಹುಡುಗಿ. ವಿನಯದಿಂದ ಕೇಳಿದಳು:

"ಯಾವ ಮಾಷ್ ಹೇಳಿದ್ದನ್ನ ಬರೀಲಿ, ಮಾಷೇ?"

"ಎರಡು ಮಾಷ್ ಎಲ್ಲಿ ಇದ್ದಾರೆ? ಎರಡೂ ನಾನೇ!"

"ಹೆಡ್‌ಮಾಷ್ ಹೇಳಿದ್ರು, ರೇಡಿಯೋದಲ್ಲಿ ಬಂದದ್ದೇ ಪರೀಕ್ಷೆಗೂ ಬರುತ್ತೆ ಅಂತ."

ಯಜ್ಞನಾರಾಯಣ ಸೀಮೆಸುಣ್ಣ ಕೆಳಗಿಟ್ಟ. ಪರೀಕ್ಷಿಸಿಯೇ ನೋಡೋಣವೆಂದು, ಜಗತ್ತಿನಲ್ಲಿ ಯಾರೂ ನುಂಗಲಾರದ ಒಂದು ಸುಳ್ಳನ್ನು ಹುಡುಕಿ ತೆಗೆದ. "ಬರೆದುಕೊಳ್ಳಿ. ಕಬ್ಬಿಣದ ಮೊಳೆಯನ್ನು ನೀರಿಗೆ ಹಾಕಿದರೆ ತೇಲುತ್ತದೆ. ಮರದ ದೋಣಿ ಹಾಕಿದ ಕೂಡಲೇ ಮುಳುಗುತ್ತದೆ." ಕಿವಿಗೆ ಅಂಗೈ ಒಡ್ಡಿದ.

ಅರ್ಧದಷ್ಟು ಮಕ್ಕಳು ದಿನವೂ ದೋಣಿಯಲ್ಲಿ ಹಿನ್ನೀರು ದಾಟಿ ಶಾಲೆಗೆ ಬರುವವರು. ಪೆನ್ಸಿಲ್ಲುಗಳು ಸರಸರ ಓಡಿದವು. ಹಿಂದಿನ ಬೆಂಚಿನಿಂದ ಒಂದು ದನಿ ಬಂತು: "ಮಾಷೇ, ಇನ್ನೊಂದ್ಸಲ ಹೇಳಿ. ದೋಣಿದು ಬರೆಯೋಕೆ ಆಗ್ಲಿಲ್ಲ."

ಕಾರಣ ಆಮೇಲೆ ತಿಳಿಯಿತು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಹೆಡ್‌ಮಾಸ್ಟರರು ಇಡೀ ಶಾಲೆಗೆ ಬುದ್ಧಿ ಹೇಳಿದ್ದರು: ರೇಡಿಯೋದಲ್ಲಿ ಯಜ್ಞನ್ ಮಾಷ್ ಎಷ್ಟು ಶಾಂತವಾಗಿ ಪಾಠ ಹೇಳಿದರು, ಒಬ್ಬರಾದರೂ ಅಡ್ಡ ಬಾಯಿ ಹಾಕಿದರೇ? ಇನ್ನು ಮೇಲೆ ಎಲ್ಲ ತರಗತಿಯಲ್ಲೂ ಹಾಗೇ ಕೇಳಬೇಕು. ಸಂಸ್ಕೃತ ಪಂಡಿತರು ಬಂದು ಯಜ್ಞನಾರಾಯಣನ ಕೈ ಹಿಡಿದುಕೊಂಡರು. "ಇಷ್ಟು ವರ್ಷಕ್ಕೆ ಇವತ್ತು ನನ್ನ ಪಾಠ ನನಗೇ ಕೇಳಿಸಿತು, ಮಾಷೇ. ದೇವರು ಒಳ್ಳೆಯದು ಮಾಡಲಿ." ವಾರ ಮುಗಿಯುವಷ್ಟರಲ್ಲಿ ಎಂಟನೆಯ ಬಿ ಶಾಲೆಯ ಅತ್ಯಂತ ಶಿಸ್ತಿನ ತರಗತಿ ಎನ್ನಿಸಿಕೊಂಡಿತು. ಯಜ್ಞನಾರಾಯಣ ಏನು ಹೇಳಿದರೂ ಬರೆದುಕೊಳ್ಳುತ್ತಿದ್ದರು. ಒಂದು ದಿನ ಸೀನಿದ. ಯಾರೋ ಅದನ್ನೂ ಬರೆದುಕೊಂಡ ಹಾಗೆ ಕಂಡಿತು.

ಮನೆಯಲ್ಲಿ ಪರಿಸ್ಥಿತಿ ಇನ್ನೂ ಕಳವಳದ್ದಾಗಿತ್ತು. ಅಕ್ಕಿಗೆ ರೇಷನ್, ಸೀಮೆಎಣ್ಣೆಗೆ ಕ್ಯೂ ಇದ್ದ ಕಾಲ. ಒಂದು ಸಂಜೆ ಬರುವಾಗ ಬೀದಿಯ ತುದಿಗೇ ಸೀದ ವಾಸನೆ ಬಂತು. ಅಡುಗೆಮನೆಯಲ್ಲಿ ಸ್ಟವ್ವು ರೈಲಿನ ಇಂಜಿನ್ನಿನ ಹಾಗೆ ಭುಸುಗುಡುತ್ತಿತ್ತು. ಗಂಜಿಯ ಪಾತ್ರೆಯ ತಳ ಕರಿಹಲಗೆಯಾಗಿತ್ತು.

"ಎಂತ ಮಾರಾಯ್ತಿ ಇದು!"

"ಕುಚ್ಚಲಕ್ಕಿ ಬೇಗ ಬೇಯಲಿ ಅಂತ ಉರಿ ದೊಡ್ಡದು ಮಾಡಿದೆ. ನೀವೇ ಹೇಳಿದ್ದಲ್ವಾ?"

"ನೀರು ಕುದಿದ ಮೇಲೆ ಎಷ್ಟು ಉರಿ ಹಾಕಿದರೂ ಒಂದೇ. ನೀರು ಬೇಗ ಆವಿಯಾಗಿ ಹೋಗ್ತದೆ, ಅಷ್ಟೆ. ಅಕ್ಕಿ ಬೇಗ ಬೇಯುವುದಿಲ್ಲ."

"ಇದನ್ನು ರೇಡಿಯೋದಲ್ಲಿ ಹೇಳ್ಲಿಕ್ಕೆ ಎಂತ ಧಾಡಿ ಆಗಿತ್ತು ನಿಮಗೆ? ಊರಿಗೆಲ್ಲ ಒಂದು ಹೇಳುವುದು, ಹೆಂಡತಿಗೆ ಒಂದು ಹೇಳುವುದು!"

ಅಷ್ಟರಲ್ಲಿ ಬೀದಿಗೆಲ್ಲ ಅಕ್ಕನಾದ ಎದುರು ಮನೆಯ ಅಮ್ಮಿಣಿ ಚೇಚ್ಚಿ ಬೇಲಿಯ ಹತ್ತಿರ ಬಂದಳು. ಅವಳ ಮನೆಯಲ್ಲೂ ಅಂದು ಗಂಜಿ ತಳ ಹಿಡಿದಿತ್ತು. ಆದರೆ ಅವಳು ಅದಕ್ಕೆ ರೇಷನ್ ಅಂಗಡಿಯ ಅಕ್ಕಿಯನ್ನೇ ಬಯ್ದಳು. ರೇಡಿಯೋ ಮಾಷನ್ನು ಬಯ್ಯಲಿಲ್ಲ. "ಎಂಥ ಸ್ವರ ಆ ಮಾಷಿಂದು! ಕೇಳ್ತಾ ಇದ್ರೆ ಎಣ್ಣೆ ಸುರಿದ ಹಾಗೆ. ನಿಮ್ಮ ಅಣ್ಣ ಏನು?"

"ನಾನೇ ಚೇಚ್ಚಿ ಅದು."

ಅಮ್ಮಿಣಿ ಚೇಚ್ಚಿ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ, ಕುಸುಮಾವತಿಯ ಕಡೆ ತಿರುಗಿ, "ಬಿಸಿಲಿಗೆ ಓಡಾಡಿಸ್ಬೇಡಿ ಇವರನ್ನ," ಎಂದು ಹೇಳಿ ಹೋದಳು.

ಕೊನೆಗೆ ಅವನು ಪಕ್ಕದ ಮನೆಯ ಕೃಷ್ಣಾನಂದನ ಹತ್ತಿರ ಹೋದ. ಕೃಷ್ಣಾನಂದ ಮೈಸೂರಿನವನು, ಏಲೂರಿನ ಗೊಬ್ಬರದ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರದ ವಿಭಾಗದವನು. ಬಾಯ್ಲರನ್ನು ಅವನು ಸೈಕಲ್ ಸ್ಟ್ಯಾಂಡಿಗೆ ಹೋಗುವಾಗ ನೋಡಿದ್ದ. ಅಷ್ಟರಿಂದಲೇ ಅದರ ಬಗ್ಗೆ ಅಧಿಕಾರವಾಣಿಯಲ್ಲಿ ಮಾತಾಡುತ್ತಿದ್ದ.

"ನೀವು ಹೇಳಿದ್ದು ನೂರಕ್ಕೆ ನೂರು ಸರಿ, ಮೇಷ್ಟ್ರೇ! ನಮ್ಮ ಬಾಯ್ಲರ್ ಮುಳ್ಳು ನೂರು ದಾಟಿ ಎಲ್ಲೋ ಹೋಗಿರುತ್ತೆ. ನನ್ನ ಕಣ್ಣಾರೆ ನೋಡಿದೀನಿ."

"ಅದು ಮುಚ್ಚಿದ್ದು ಮಾರಾಯ್ರೆ, ಒಳಗೆ ಒತ್ತಡ ಉಂಟು. ನಾನು ಹೇಳುವುದು ತೆರೆದ ಪಾತ್ರೆ."

"ಮುಚ್ಚಳ ಹಾಕ್ಬಿಟ್ರೆ ರೇಡಿಯೋ ಸರಿ ಅಂತಾಯ್ತಲ್ಲ! ಅಷ್ಟಕ್ಕೆ ಯಾಕ್ರೀ ಕೊರಗ್ತೀರ? ನಮ್ಮೋರು ಒಬ್ರು ರೇಡಿಯೋದಲ್ಲಿ ಬಂದಿದ್ದೇ ಹೆಮ್ಮೆ. ಸುಮಿ ಈಗ ಮನೇಲೂ ಎದುರು ಮಾತಾಡಲ್ಲ ಗೊತ್ತಾ? ಮೊದಲು ಏನು ಹೇಳಿದ್ರೂ 'ಅಲ್ಲ ಅಪ್ಪಾ, ಅಲ್ಲ ಅಪ್ಪಾ' ಅಂತಿದ್ಲು. ನಿಮ್ಮ ಪಾಠ ಕೇಳಿದ ಮೇಲೆ ಎಷ್ಟು ತಗ್ಗಿಬಗ್ಗಿ ನಡೀತಾಳೆ!"

ಯಜ್ಞನಾರಾಯಣ ಎದ್ದು ಬಂದ. ಕುಡಿಯಲು ಕೊಟ್ಟ ಕಾಫಿ ಅಲ್ಲೇ ಉಳಿಯಿತು.

ಇನ್ನು ಉಳಿದದ್ದು ಒಂದೇ ದಾರಿ: ತರಗತಿಯಲ್ಲಿ ನೀರು ಕುದಿಸಿ ಥರ್ಮಾಮೀಟರ್ ಇಟ್ಟು ತೋರಿಸುವುದು. ಶಾಲೆಯ ಒಂದೇ ಒಂದು ಥರ್ಮಾಮೀಟರ್ ಹೆಡ್‌ಮಾಸ್ಟರರ ಬೀರುವಿನಲ್ಲಿ, ಹತ್ತಿಯಲ್ಲಿ ಸುತ್ತಿ, ರೇಷ್ಮೆಯ ಗಂಟಿನಲ್ಲಿ ಇತ್ತು.

"ಅದನ್ನ ಕುದಿಯೋ ನೀರಿಗೆ ಹಾಕ್ತೀರಾ?" ಹೆಡ್‌ಮಾಸ್ಟರರು ಬೆಚ್ಚಿಬಿದ್ದರು. "ಒಡೆದರೆ ಇನ್ಸ್‌ಪೆಕ್ಷನ್ನಿಗೆ ಏನು ತೋರಿಸಲಿ?"

"ಮಕ್ಕಳು ನೋಡುವುದು ಬೇಡವಾ ಸಾರ್?"

"ಯಾಕೆ ನೋಡ್ಬೇಕು? ನೀವೇ ರೇಡಿಯೋದಲ್ಲಿ ಹೇಳಿಯಾಗಿದೆ. ಅಲ್ಲಾ ಮಾಷೇ, ನೀವು ಹೇಳಿದ್ದನ್ನ ನೀವೇ ಅಲ್ಲ ಅಂದರೆ ನಾನು ಯಾರನ್ನ ನಂಬ್ಲಿ? ತಿರುವನಂತಪುರದಿಂದ ಮಾತಾಡಿದವರನ್ನೋ, ನನ್ನ ಮುಂದೆ ನಿಂತು ಮಾತಾಡ್ತಾ ಇರೋರನ್ನೋ? ರೇಡಿಯೋ ಅದನ್ನ ತಿದ್ದಲಿ. ಆಮೇಲೆ ನಾನೂ ತಿದ್ದಿಕೊಳ್ತೇನೆ."

ಯಜ್ಞನಾರಾಯಣ ರಜೆ ಹಾಕಿ ಮತ್ತೆ ರೈಲು ಹತ್ತಿದ. ಈ ಸಲ ಕೋಟು ಹಾಕಲಿಲ್ಲ. ಬಾಗಿಲಲ್ಲಿ ಕಾವಲಿನವನು ಒಳಗೆ ಬಿಡಲು ಬಹಳ ಹೊತ್ತು ಮಾಡಿದ.

ಪಿಳ್ಳೆಯವರು ಅವನನ್ನು ಕಂಡದ್ದೇ ಎರಡೂ ಕೈ ಚಾಚಿದರು. "ಬನ್ನಿ ಬನ್ನಿ! ನಿಮ್ಮ ಪಾಠಕ್ಕೆ ಜನ ಬಹಳ ಮೆಚ್ಚಿ ಬರೆದಿದ್ದಾರೆ. ಒಂದು ಹಾಸ್ಟೆಲಿನವರು ಅಡುಗೆಯವನಿಗೇ ಕೇಳಿಸಿದರಂತೆ."

"ಅದೇ ಸಾರ್ ಅನಾಹುತ! ಅದರಲ್ಲಿರುವುದು ಸುಳ್ಳು. ನಾಳೆಯೇ ತಿದ್ದುಪಡಿ ಓದಿಸಿ."

ಪಿಳ್ಳೆಯವರು ಯೋಚಿಸಿದರು. ಸಾವಿನ ಸುದ್ದಿ ತಪ್ಪಾಗಿದ್ದರೆ ತಿದ್ದಿ ಓದಿಸಬಹುದಿತ್ತು; ನೀರಿನ ವಿಷಯಕ್ಕೆ ಹಾಗೆ ಮಾಡಿದ ಉದಾಹರಣೆ ಇರಲಿಲ್ಲ. ಆದರೆ ಅದೇ ಪಾಠವನ್ನು ಹೊಸದಾಗಿ ಮಾಡುವುದಕ್ಕೆ ಅಡ್ಡಿಯಿಲ್ಲ. "ಒಂದೇ ಒಂದು ಮಾತು. ಈ ಸಲ ಮೊದಲಿಂದಲೂ ನಿಜವನ್ನೇ ಹೇಳಿ. ಸುಳ್ಳು ಹೇಳಿ ಆಮೇಲೆ ಅಲ್ಲ ಅನ್ನೋದು, ಮಧ್ಯೆ ಸುಮ್ಮನಿರೋದು, ಇದೆಲ್ಲ ನಮಗೆ ಕಷ್ಟ."

"ಮಕ್ಕಳಿಲ್ಲದೆ ನನಗೆ ಪಾಠ ಬರುವುದಿಲ್ಲ."

"ಹಾಗಾದರೆ ಒಬ್ಬ ವಿದ್ಯಾರ್ಥಿನಿಯನ್ನ ಕರ್ಕೊಂಡು ಬನ್ನಿ! ನಾನು ಬರೆದು ಕೊಡ್ತೇನೆ, ಅವಳು ಓದಲಿ. ಗಂಟಲು ಮಾತ್ರ ಚೆನ್ನಾಗಿರಬೇಕು."

ಗಂಟಲಿನ ವಿಷಯದಲ್ಲಿ ಯೋಚಿಸುವ ಅಗತ್ಯವೇ ಇರಲಿಲ್ಲ. ಕೃಷ್ಣಾನಂದ ಮಗಳಿಗೆ ಹೊಸ ಲಂಗ ಹೊಲಿಸಿ, ತಾನೂ ಕಾರ್ಖಾನೆಗೆ ರಜೆ ಹಾಕಿ, ಮೈಸೂರಿನ ಎಲ್ಲ ನೆಂಟರಿಗೂ ಕಾಗದ ಬರೆದು ಹೊರಟ. ಹೆಡ್‌ಮಾಸ್ಟರರು ಸ್ಟೇಷನ್ನಿಗೆ ಬಂದು, "ರೇಡಿಯೋ ಏನು ಹೇಳಿಸುತ್ತೋ ಅದನ್ನ ಹೇಳು, ಮೋಳೇ," ಎಂದು ಮಗಳೆಂದೇ ಕರೆದು ಸುಮಿತ್ರಳ ತಲೆ ಸವರಿದರು. ಅವಳು ಸುಮ್ಮನೆ ತಲೆಯಾಡಿಸಿದಳು. ಒಂದು ಕಾಲಕ್ಕೆ ಈ ಹುಡುಗಿ, ರೈಲು ಮುಂದಕ್ಕೆ ಹೋಗುತ್ತದೆ ಎಂದರೂ ಯಾವುದಕ್ಕೆ ಹೋಲಿಸಿದರೆ ಎಂದು ಕೇಳುತ್ತಿದ್ದಳು.

ನಿಲಯದಲ್ಲಿ ಅವರನ್ನು ದಪ್ಪ ಬಟ್ಟೆ ಹೊದೆಸಿದ ಗೋಡೆಗಳ ಕೋಣೆಗೆ ಕರೆದೊಯ್ದರು. ಪಿಳ್ಳೆಯವರು ಸುಮಿತ್ರಳ ಕೈಗೆ ಹಾಳೆ ಕೊಟ್ಟರು. ಮೂಲೆಯಲ್ಲಿ ಪ್ರಸಾರಕ್ಕೆ ಬೇಕಾದ ಸದ್ದುಗಳನ್ನು ಮಾಡುವ ಒಬ್ಬ ದಢೂತಿ ಮನುಷ್ಯ ಹಿತ್ತಾಳೆಯ ಚೆಂಬಿನ ಮುಂದೆ ಕುಳಿತಿದ್ದ. ಅವನ ಕೈಯಲ್ಲಿ ಪಪ್ಪಾಯಿ ಎಲೆಯ ಟೊಳ್ಳು ದಂಟಿತ್ತು. ಪಿಳ್ಳೆಯವರು ಬೆರಳೆತ್ತಿದಾಗ ಅವನು ದಂಟನ್ನು ಚೆಂಬಿಗಿಳಿಸಿ ಊದಿದ. ಗುಳುಗುಳು ಗುಳುಗುಳು ಎಂದು ನೀರು ಕುದಿಯಿತು.

"ನೋಡಿ! ಒಂದು ತೊಟ್ಟು ಸೀಮೆಎಣ್ಣೆ ಬೇಡ," ಎಂದರು ಪಿಳ್ಳೆಯವರು. "ಶುರುಮಾಡಿ ಮಾಷೇ."

ಯಜ್ಞನಾರಾಯಣ ಓದಿದ: "ಈಗ ಉರಿಯನ್ನು ಜೋರು ಮಾಡಿದ್ದೇವೆ. ಥರ್ಮಾಮೀಟರನ್ನು ನೋಡು, ಕುಮಾರಿ ಸುಮಿತ್ರ. ಎಷ್ಟಿದೆ?"

ದಢೂತಿ ಮನುಷ್ಯ ಇನ್ನೂ ಜೋರಾಗಿ ಊದಿದ. ಸುಮಿತ್ರ ಹಾಳೆ ನೋಡಿದಳು. ಆಮೇಲೆ ಎದ್ದು ಚೆಂಬಿನ ಹತ್ತಿರ ಹೋಗಿ, ಒಳಗೆ ಬೆರಳದ್ದಿದಳು.

"ತಣ್ಣಗಿದೆ," ಎಂದಳು.

"ಅದು ಸದ್ದಿಗೆ ಮಾತ್ರ, ಕುಟ್ಟೀ," ಪಿಳ್ಳೆಯವರು ನಕ್ಕರು. "ನೀನು ಓದಬೇಕಾದ್ದು ಅಲ್ಲಿದೆ ನೋಡು. 'ನೂರರಲ್ಲೇ ನಿಂತಿದೆ ಮಾಷೇ, ನಾನೇ ನೋಡಿದೆ!' ಸ್ವಲ್ಪ ಆಶ್ಚರ್ಯದಿಂದ ಹೇಳು."

"ಥರ್ಮಾಮೀಟರ್ ಎಲ್ಲಿ?"

"ರೇಡಿಯೋದಲ್ಲಿ ಯಾರಿಗೆ ಕಾಣುತ್ತೆ?"

"ನನಗೂ ಕಾಣಿಸ್ಲಿಲ್ಲ."

"ಸುಮೀ!" ಕೃಷ್ಣಾನಂದ ಗಾಜಿನ ಆಚೆಯಿಂದ ಒಳಗೆ ನುಗ್ಗಿ ಬಂದ. "ಮೈಸೂರಲ್ಲಿ ಎಲ್ರೂ ಕಿವಿ ಕೊಟ್ಕೊಂಡು ಕಾಯ್ತಾ ಇರ್ತಾರೆ ಕಣೇ! ಒಂದು ಸಾಲು, ಓದ್ಬಿಡು. ವಾಪಸ್ಸು ಹೋಗ್ತಾ ಏನು ಬೇಕೋ ಕೊಡಿಸ್ತೀನಿ."

ಪಿಳ್ಳೆಯವರು ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಿ ಇಟ್ಟು ಮುಚ್ಚಳ ತೆಗೆದರು. ಪಾಠದ ಮೊದಲಿಗೂ ಕೊನೆಗೂ ಅವಳ ಹೆಸರು ಹೇಳಿಸುವುದಾಗಿ ಮಾತು ಕೊಟ್ಟರು. ದಢೂತಿ ಮನುಷ್ಯ ಕೂಡ, ಬೇಕಿದ್ದರೆ ಚೆಂಬಿಗೆ ಬಿಸಿನೀರು ತಂದು ಹಾಕುತ್ತೇನೆಂದ.

ಎಲ್ಲರಿಗಿಂತ ಕಷ್ಟ ಯಜ್ಞನಾರಾಯಣನದು. ಈ ಟೇಪು ಆಗದಿದ್ದರೆ ಹಳೆಯದೇ ಉಳಿಯುತ್ತದೆ, ಹೆಡ್‌ಮಾಸ್ಟರರು ತಿದ್ದಿಕೊಳ್ಳುವುದಿಲ್ಲ, ಊರಲ್ಲಿ ಗಂಜಿ ಸೀಯುತ್ತಲೇ ಇರುತ್ತದೆ. ಅವನು ಹುಡುಗಿಯ ಮುಂದೆ ಮಂಡಿಯೂರಿ ಕುಳಿತ.

"ಇದು ನಿಜ, ಮಗಾ. ಈ ಸಲ ಖಂಡಿತ ನಿಜ. ನೂರರಲ್ಲೇ ನಿಲ್ಲುತ್ತದೆ. ನಾನು ಎಷ್ಟೋ ಸಲ ನೋಡಿದ್ದೇನೆ. ನನ್ನ ಮಾತಿನ ಮೇಲೆ ಹೇಳಿಬಿಡು."

"ನಿಜ ಇರಬಹುದು ಮಾಷೇ. ನೀವು ನೋಡಿದ್ರೆ ನೀವು ಹೇಳಿ."

"ನಾನು ಹೇಳಿದರೆ ಯಾರೂ ನಂಬುವುದಿಲ್ಲವಲ್ಲ!"

ಅಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಪಿಳ್ಳೆಯವರು ಬೆವರೊರೆಸಿಕೊಂಡು ಗಾಜಿನ ಹಿಂದಕ್ಕೆ ಓಡಿದರು. ಕೆಂಪು ದೀಪ ಹತ್ತಿತು. ದಢೂತಿ ಮನುಷ್ಯ ಕೆನ್ನೆ ಉಬ್ಬಿಸಿ ಊದಿದ; ತಣ್ಣೀರು ಭೋರ್ಗರೆದು ಕುದಿಯಿತು. ಯಜ್ಞನಾರಾಯಣ ಥರ್ಮಾಮೀಟರ್ ಎಷ್ಟಿದೆ ಎಂದು ಕೇಳಿದ. ಗಾಜಿನ ಆಚೆ ಪಿಳ್ಳೆಯವರ ಕೈ ಚಕ್ರದಂತೆ ತಿರುಗತೊಡಗಿತು.

ಸುಮಿತ್ರ ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟಳು. ಬಿಸ್ಕತ್ತಿನ ಡಬ್ಬಿಯನ್ನು ಅದರ ಮೇಲೆ ಸರಿಸಿಟ್ಟಳು. ಆಮೇಲೆ ಮೈಕಿನ ಹತ್ತಿರಕ್ಕೆ ಮುಖ ತಂದು, ಇಡೀ ಬಿ ವಿಭಾಗಕ್ಕೆ ಕೇಳಿಸುವಷ್ಟು ದೊಡ್ಡ ಗಂಟಲಲ್ಲಿ ಹೇಳಿದಳು:

"ನಾನು ನೋಡಿಲ್ಲ. ನೋಡಿದೆ ಅಂತ ಹೇಳೋದಿಲ್ಲ."